ಪುಟ್ಟು ಬರೆದ ಪಾರ್ಟು

ಜನವರಿ 19, ಭಾನುವಾರ

ನೆರೆದಿರುವ ಮಹಾಜನಗಳೇ! ಮುಂದಿನ ಚಾಪೆಯಲ್ಲಿ ಕೂತ ಮಕ್ಕಳೇ, ಹಿಂದಿನ ಬೆಂಚಿನಿಂದ ಕಾಲು ಇಳಿಬಿಟ್ಟ ಹಿರಿಯರೇ, ಮರ ಹತ್ತಿ ಪುಕ್ಕಟೆ ನೋಡುತ್ತಿರುವ ಪುಂಡರೇ! ಸದ್ದು ಮಾಡದೆ ಕೇಳಿ. ನಿಮ್ಮೆದುರು ನಿಂತಿರುವವನು ಅಂಕೋಲೆಯ ಮಂಗೇಶ. ವಯಸ್ಸು ಅರವತ್ತಮೂರು. ಹಗಲು ಶೇಂಗಾ ಗದ್ದೆಗೆ ನೀರು ಬಿಡುವ ಕೂಲಿ, ಸಂಜೆ ಏಳಾಯಿತೆಂದರೆ ಚಕ್ರವರ್ತಿ!

ಈ ದಿನಚರಿಯ ವಹಿಯನ್ನು ನನ್ನನ್ನು ಬಿಟ್ಟರೆ ಯಾರೂ ಓದುವುದಿಲ್ಲ, ಗೊತ್ತು. ಆದರೆ ಎದುರಿಗೆ ಜನ ಇದ್ದಾರೆಂದು ಎಣಿಸಿಕೊಳ್ಳದೆ ನನಗೆ ಮಾತೇ ಹೊರಡುವುದಿಲ್ಲ.

ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಈ ವರ್ಷ ಅಶೋಕ ಮಾಸ್ತರರು ಬರೆದ ‘ಚಂಡವಿಕ್ರಮ’. ಚಂಡವಿಕ್ರಮ ನಾನೇ. ಮಾಸ್ತರರ ಇರುವೆ ಅಕ್ಷರ ನನ್ನ ಕಣ್ಣಿಗೆ ಹಿಡಿಯುವುದಿಲ್ಲವಾದ್ದರಿಂದ ನನ್ನ ಪಾರ್ಟನ್ನು ಬೇರೆ ವಹಿಗೆ ಇಳಿಸಿಕೊಡುವವಳು ಮೊಮ್ಮಗಳು ಪುಟ್ಟು. ಎಂಟು ವರ್ಷ, ಮೂರನೆಯ ಇಯತ್ತೆ. ದಿನಕ್ಕೊಂದು ಪುಟ. ಶಾಲೆಯಲ್ಲಿ ಕಲಿಸಿದಂತೆ ಮೇಲೆ ತಾರೀಖು, ಕೆಳಗೆ ಎದುರು ಪಾತ್ರದವನ ಕೊನೆಯ ಎರಡು ಶಬ್ದ, ಅದರ ಕೆಳಗೆ ನನ್ನ ಮಾತು. ಏನು ಅಕ್ಷರ! ಒಂದೊಂದೂ ಆಗಷ್ಟೇ ಉಬ್ಬಿದ ಪೂರಿ.

ನಿನ್ನೆಯಿಂದ ಅವಳಿಗೆ ಗಂಟಲು ನೋವು, ಮೈ ಬಿಸಿ. ತಾಲೀಮಿಗೆ ಬರುವ ಮಕ್ಕಳಲ್ಲಿ ಅರ್ಧ ಕೆಮ್ಮುತ್ತಿವೆ. ನನ್ನ ಹೆಂಡತಿ ಶಂಕರಿ ಮೆಣಸಿನ ಕಷಾಯ ಕುದಿಸುತ್ತ ತಡೆಯಲು ನೋಡಿದಳು.

“ಇವತ್ತೊಂದಿನ ಬಿಟ್ಟಾಕಿ ಹೋಗಿ ಅದ್ನ. ಉಗುಳು ನುಂಗೂಕೂ ಆಗೂದಿಲ್ಲಾ ಅಂತದೆ.”

“ರಾಜವಂಶಕ್ಕೆ ಗಂಟಲು ನೋವಿಲ್ಲ!” ಎಂದು ಗರ್ಜಿಸಿದೆ. ಪುಟ್ಟು ನಕ್ಕಳು, ನಕ್ಕು ಗಂಟಲು ಹಿಡಿದುಕೊಂಡಳು, ಬಂದಳು. ನಾನು ಮಾತು ಮರೆತಾಗ ಎತ್ತಿಕೊಡಲು ಅವಳೇ ಬೇಕು.

ಫೆಬ್ರುವರಿ 9, ಭಾನುವಾರ

ಆರು ದಿನ ಉಳಿಯಿತು. ಕಿರೀಟ ಬಂತು. ಸ್ವಲ್ಪ ಸಡಿಲು, ಒಳಗೆ ಟವೆಲ್ ಇಟ್ಟರೆ ಕೂರುತ್ತದೆ.

ಪುಟ್ಟುವಿನ ಕಲಾಭಕ್ತಿಯನ್ನು ಇಲ್ಲಿ ದಾಖಲಿಸಲೇಬೇಕು. ವಹಿ ಮುಟ್ಟುವ ಮೊದಲು ಬಾವಿಕಟ್ಟೆಗೆ ಹೋಗಿ ಕೈ ತೊಳೆದು ಬಂದಳು. ಕೂತಳು. ಎದ್ದು ಮತ್ತೆ ಹೋದಳು. ಐದಾರು ಸಲ! ಬಣ್ಣ ಹಚ್ಚುವ ಮೊದಲು ನಾನು ಹಾಗೆ ಭಯಭಕ್ತಿಯಿಂದ ಇರುತ್ತಿದ್ದೆನೇ? ಆದರೆ ಇವತ್ತಿನ ಪುಟ ಮಾತ್ರ ಚೆನ್ನಾಗಿಲ್ಲ. ಅಕ್ಷರಗಳು ಗೆರೆ ಬಿಟ್ಟು ಏಡಿಯ ಹಾಗೆ ಓಡಿವೆ. “ಚಕ್ರವರ್ತಿಯ ಮಾತೇ ಇದು, ಇಲ್ಲಾ ಕುಡುಕನದ್ದೇ?” ಎಂದು ಗದರಿದೆ. ಅವಳು ತನ್ನ ಬೆರಳು ನೋಡಿಕೊಂಡಳು.

ಮಧ್ಯಾಹ್ನಕ್ಕೆ ತಾರ್ಲೆ ಮೀನು ಹುರಿದಿದ್ದರು. ಪುಟ್ಟು ತನ್ನ ಪಾಲನ್ನು ಮುಟ್ಟಲಿಲ್ಲ. ನಾನು ತಿಂದೆ.

ಫೆಬ್ರುವರಿ 16, ಭಾನುವಾರ

ಪ್ರೇಕ್ಷಕರೇ, ಪರದೆ ಹರಿದಿದೆ. ಚಕ್ರವರ್ತಿ ಸೋತಿದ್ದಾನೆ.

ನಿನ್ನೆ ಸಂಜೆ ಶಾಲೆಯ ಅಂಗಳ ಕಿಕ್ಕಿರಿದಿತ್ತು. ಮೂರನೆಯ ಅಂಕ. ಸ್ವಂತ ಮಗಳಿಗೆ ಮರಣದಂಡನೆ ವಿಧಿಸುವ ದೃಶ್ಯ. ಖಡ್ಗ ಎತ್ತಿ, ಎದೆಯ ತಳದಿಂದ ಒಂದು ಗರ್ಜನೆ. ನಲವತ್ತು ವರ್ಷಗಳಲ್ಲಿ ಅಂಥ ಗರ್ಜನೆ ನನ್ನ ಬಾಯಿಂದ ಬಂದಿರಲಿಲ್ಲ. ಅದೇ ಕ್ಷಣಕ್ಕೆ ಮುಂದಿನ ಚಾಪೆಯಿಂದ ಪುಟ್ಟುವಿನ ಚೀತ್ಕಾರ. ಎರಡೂ ಕಿವಿ ಮುಚ್ಚಿಕೊಂಡು ಮಣ್ಣಿನಲ್ಲಿ ಹೊರಳಿದಳು. ಜನ ಅದೂ ನಾಟಕವೆಂದು ಚಪ್ಪಾಳೆ ಹೊಡೆದರು.

ಇವತ್ತು ಬೆಳಿಗ್ಗೆ ಹಾಸಿಗೆ ಒದ್ದೆ. ಅನ್ನದಲ್ಲಿ ಯಾರೋ ಉಗುಳಿದ್ದಾರೆಂದು ತಟ್ಟೆ ದೂಡಿದಳು. ತನ್ನ ತಾಯಿ, ನನ್ನ ಮಗಳು ಸುಮಿತಾಳ ಸೆರಗು ಬಿಡುತ್ತಿಲ್ಲ. ಕಣ್ಣು ಪಟಪಟ ಬಡಿಯುತ್ತದೆ, ಎಡ ಹೆಗಲು ತಾನಾಗಿ ಹಾರುತ್ತದೆ. ಗೋವಾದಲ್ಲಿ ಕೆಲಸ ಮಾಡುವ ಅಳಿಯ ಸತೀಶ ಭಾನುವಾರವೆಂದು ಬಂದಿದ್ದ. ಮಗಳ ಎದುರು ಕೂತು, ಅತ್ತು, ಎರಡೂ ಹೊತ್ತು ಊಟ ಮಾಡದೆ ಹೋದ.

ಪಕ್ಕದ ಮನೆಯ ಕಾಮಿ ಹೇಳಿದಳು: “ಹೆದ್ರಿ ಹೋಗದೆ ಹುಡ್ಗಿ. ನಿಮ್ಮ ಆರ್ಭಟಕ್ಕೆ ನಮ್ಮನೆ ಆಕಳೇ ಹಗ್ಗ ಹರ್ಕಂಡಿತ್ತು.”

ಹೌದು. ನಾನೇ. ಈ ಗಂಟಲೇ.

ಫೆಬ್ರುವರಿ 19

ಏನೂ ತಿನ್ನಲಿಲ್ಲ. ನಾನು ಮಾತಾಡಿದರೆ ಕಿವಿ ಮುಚ್ಚುತ್ತಾಳೆ.

ಫೆಬ್ರುವರಿ 25, ಮಂಗಳವಾರ

ಕಾರವಾರಕ್ಕೆ ಹೋಗಿ ಬಂದೆವು. ಸುಮಿತಾಳಿಗೆ ಗೇರುಬೀಜದ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಅವಳ ಸೀರೆಯೊಂದನ್ನು ಪುಟ್ಟುವಿಗೆ ಹೊದೆಸಿ ನಾನೂ ಶಂಕರಿಯೂ ಕರೆದುಕೊಂಡು ಹೋದೆವು. ಇಂಥ ಮಕ್ಕಳನ್ನೇ ನೋಡುವ ಡಾಕ್ಟರೊಬ್ಬರು ಕೋಡಿಬಾಗದ ರಸ್ತೆಯಲ್ಲಿ ಎರಡು ಕೋಣೆ ಹಿಡಿದಿದ್ದಾರೆಂದು ಅಶೋಕ ಮಾಸ್ತರರು ಹೇಳಿದ್ದರು.

ಮಹಾಜನಗಳೇ, ನಾನು ಅನೇಕ ಮಹಾರಾಣಿಯರ ಜೊತೆ ನಟಿಸಿದ್ದೇನೆ. ಎಲ್ಲರೂ ಮೀಸೆ ಬೋಳಿಸಿದ ಗಂಡಸರೇ ಅನ್ನಿ. ಆದರೆ ನಿಜವಾದ ರಾಣಿ ಹೇಗಿರುತ್ತಾಳೆಂದು ಇವತ್ತು ಕಂಡೆ. ಡಾಕ್ಟರ್ ವೀಣಾ. ನಲವತ್ತರ ಹತ್ತಿರ, ಹವಾಯಿ ಚಪ್ಪಲಿ, ಹೆಗಲಲ್ಲಿ ಐಸ್ ತುಂಬಿದ ಡಬ್ಬಿ. ಬೆಳಿಗ್ಗೆ ಮಾಜಾಳಿಗೆ ಬಸ್ಸಿನಲ್ಲಿ ಹೋಗಿ ಒಂದು ಮಗುವಿನ ರಕ್ತ ತಂದು ಆಗತಾನೇ ಇಳಿಸುತ್ತಿದ್ದರು. ಎದುರಿನ ತಾಯಿಗೆ ಕೊಂಕಣಿಯಲ್ಲಿ ಸಮಾಧಾನ, ನಮಗೆ ಕನ್ನಡದಲ್ಲಿ ಸ್ವಾಗತ. ಪುಟ್ಟುವಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಕೂತರು. ಏನೂ ಕೇಳಲಿಲ್ಲ. ತಮ್ಮ ಎರಡು ಬೆರಳು ಚಾಚಿ, “ಇದ್ನ ಗಟ್ಟಿ ಹಿಡ್ಕಾ ನೋಡ್ವಾ” ಎಂದರು. ಪುಟ್ಟು ಹಿಡಿದಳು. ಅವಳ ಮುಷ್ಟಿ ಬಿಗಿಯಾಗುತ್ತ ಸಡಿಲಾಗುತ್ತ, ಆಕಳ ಹಾಲು ಕರೆಯುವ ಕೈಯಂತೆ ಆಡಿತು. ಇಷ್ಟು ದಿನ ಮನೆಯವರಾದ ನಮಗೆ ಕಾಣದ್ದನ್ನು ಈ ಹೆಂಗಸು ಎರಡು ಬೆರಳಿನಲ್ಲಿ ಕಂಡರು!

ಗೋಡೆಯ ತುಂಬ ಅವರದ್ದೇ ಒಂದು ಉದ್ದನೆಯ ಕ್ಯಾಲೆಂಡರ್. ಹದಿನೇಳು ಸಾಲು, ಸಾಲಿಗೊಂದು ಮಗು. ಹಠಾತ್ತನೆ ಬುದ್ಧಿ, ಭಯ, ಕೈಕಾಲು ಎಲ್ಲ ಬದಲಾದ ಮಕ್ಕಳು. ಬದಲಾವಣೆ ಶುರುವಾದ ದಿನಕ್ಕೆ ಕೆಂಪು ಗುಂಡುಪಿನ್ನು. ಅದಕ್ಕೂ ಹಿಂದೆ ಜ್ವರವೋ ಗಂಟಲು ನೋವೋ ಬಂದಿದ್ದರೆ ಆ ದಿನಕ್ಕೆ ನೀಲಿ ಪಿನ್ನು.

“ಗಂಟ್ಲಿಗೆ ಬಂದ ರೋಗಾಣುವನ್ನ ಹೊಡೀಲಿಕ್ಕೆ ಶರೀರ ಒಂದು ಸೈನ್ಯ ಕಟ್ತದೆ. ಕೆಲವು ಮಕ್ಕಳಲ್ಲಿ ಆ ಸೈನ್ಯ ಗುರುತು ತಪ್ಪಿ ಮೆದುಳಿಗೇ ಹೊಡೀತದೋ ಏನೋ ಅಂತ ಒಂದು ಊಹೆ,” ಎಂದರು.

“ಹೊಡೀತದೋ ಏನೋ? ಗೊತ್ತಿಲ್ವಾ ಬಾಯೋರೆ?”

“ಗೊತ್ತಿಲ್ಲ. ಅದಕ್ಕೇ ಗೋಡೆ ತುಂಬ ಪಿನ್ನು ಚುಚ್ತಾ ಇದ್ದೇನೆ.”

ಓದಿದವರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಇಷ್ಟು ಗತ್ತಿನಿಂದ ಬಂದದ್ದನ್ನು ನಾನು ಕೇಳಿರಲಿಲ್ಲ.

ದಿನ ಹಿಡಿಯುವ ಅವರ ಉಪಾಯ ನೋಡಿ. ತಾರೀಖು ಕೇಳುವುದಿಲ್ಲ. “ಮಗು ಮೊದಲ ಸಲ ಬೇರೆ ನಮೂನಿ ಕಂಡ ದಿನ ಮನೇಲಿ ಎಂತಾ ಮೀನು ಮಾಡಿದ್ರಿ?” ಎನ್ನುತ್ತಾರೆ. ಜನ ತಾರೀಖು ಮರೆಯುತ್ತಾರಂತೆ, ಮೀನು ಮರೆಯುವುದಿಲ್ಲವಂತೆ. ಅಂದು ಬಂದರಿಗೆ ಯಾವ ಮೀನು ಬಂದಿತ್ತು, ಯಾವ ವಾರ ಎಂದು ಮೀನು ಮಾರುವವರಲ್ಲೂ ವಿಚಾರಿಸಿ ತಾಳೆ ನೋಡುತ್ತಾರೆ.

ಶಂಕರಿ ಬಾಯಿ ತೆಗೆದಳು: “ತಾರ್ಲೆ ತಂದ ದಿನ ಅನಸ್ತದೆ, ಅವತ್ತು ಇದು…”

ನಾನು ಕೈ ಎತ್ತಿ ತಡೆದೆ. ಎದ್ದು ನಿಂತೆ. ಹೇಳಿದೆ ನೋಡಿ! ಖಡ್ಗ, ಗರ್ಜನೆ, ಚೀತ್ಕಾರ, ಒಂದನ್ನೂ ಬಿಡಲಿಲ್ಲ. “ಆ ಕ್ಷಣದವರೆಗೆ ಈ ಮಗು ಅರಳಿದ ಹೂವು ಬಾಯೋರೆ! ಆ ಹೂವನ್ನು ಹೊಸಕಿದವನು ಈ ಪಾಪಿ!” ಎಂದು ಎದೆ ಬಡಿದುಕೊಂಡೆ. ಬಾಗಿಲಲ್ಲಿದ್ದ ತಾಯಂದಿರು ಕಣ್ಣೊರೆಸಿಕೊಂಡರು.

“ಅದಕ್ಕೂ ಮೊದ್ಲು ಜ್ವರ, ಗಂಟಲು ನೋವು?”

“ಇಲ್ಲ! ಏನೂ ಇಲ್ಲ!”

ಸಣ್ಣಪುಟ್ಟ ಕೆಮ್ಮು ಗಂಟಲುಗಳನ್ನು ನಡುವೆ ತುರುಕಿದರೆ ದೃಶ್ಯ ಸಡಿಲವಾಗುತ್ತದೆ. ಡಾಕ್ಟರು ಒಂದು ಗಳಿಗೆ ನನ್ನನ್ನೇ ನೋಡಿ, ಹದಿನೆಂಟನೆಯ ಸಾಲಿನಲ್ಲಿ ಫೆಬ್ರುವರಿ 15ಕ್ಕೆ ಕೆಂಪು ಪಿನ್ನು ಚುಚ್ಚಿದರು. ನೀಲಿ ಇಲ್ಲ. ಗಂಟಲಿನ ದ್ರವ, ರಕ್ತ ತೆಗೆದುಕೊಂಡರು. ಒಂದು ಔಷಧ, ತಿನ್ನಿಸಲು ಕೆಲವು ಸೂಚನೆ.

ಬಸ್ಸಿನಲ್ಲಿ ಶಂಕರಿ ಮಾತಾಡಲಿಲ್ಲ. ನನ್ನ ದುಃಖಕ್ಕೆ ಮರ್ಯಾದೆ ಕೊಟ್ಟಳೆಂದು ಕಾಣುತ್ತದೆ.

ಮಾರ್ಚ್ 7, ಶುಕ್ರವಾರ

ಡಾಕ್ಟರ್ ವೀಣಾ ಫೋನು ಮಾಡಿದ್ದರು. ಗಂಟಲಿನಲ್ಲಿ ಈಗ ಏನೂ ಸಿಗಲಿಲ್ಲ. ರಕ್ತದಲ್ಲಿ ಆ ಸೈನ್ಯದ ಅಂಕಿ ಗಡಿಗಿಂತ ಚೂರು ಮೇಲೆ, ಅದೊಂದರಿಂದ ಏನೂ ಹೇಳಲಾಗುವುದಿಲ್ಲ. “ಮೊದ್ಲು ಕಾಯಿಲೆ ಬಿದ್ದಿದ್ದು ಗೊತ್ತಿದ್ರೆ ನಾನು ಬೇರೆ ದಾರಿ ಹಿಡೀತಿದ್ದೆ ಅಜ್ಜಾ. ಈಗ ನೀವು ಹೇಳಿದ ಹಾಗೆ ಭಯ ಅಂತಲೇ ಹಿಡೀಬೇಕು. ಇನ್ನೊಮ್ಮೆ ನೆನಪು ಮಾಡಿ ನೋಡಿ.”

ಪುಟ್ಟು ಎರಡೂವರೆ ಕಿಲೋ ಇಳಿದಿದ್ದಾಳೆ. ಇನ್ನೊಂದು ಕಿಲೋ ಇಳಿದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ.

ಮಾರ್ಚ್ 8, ಶನಿವಾರ

ಹಿಲ್ಲೂರಿನಲ್ಲಿ ನಾಟಕ ಇನ್ನೊಮ್ಮೆ ಆಡುತ್ತಾರಂತೆ. ನಾನು ಬರುವುದಿಲ್ಲ ಎಂದೆ. ಚಕ್ರವರ್ತಿಯ ಪಾತ್ರ ಈಗ ನಮ್ಮ ತಂಡದ ಮಂಜುವಿಗೆ. ಪಾರ್ಟಿನ ವಹಿ ಒಯ್ಯಲು ಬಂದಿದ್ದ. ಕೊಡುವ ಮೊದಲು ಪುಟ ತಿರುವಿದೆ.

ಜನವರಿ 12. ಪೂರಿ ಅಕ್ಷರ. ಜನವರಿ 19, ಹಾಗೆಯೇ. ಫೆಬ್ರುವರಿ 6, 7, ಹಾಗೆಯೇ. ಫೆಬ್ರುವರಿ 9, ಏಡಿ. ಹತ್ತು, ಹನ್ನೊಂದು, ಇನ್ನೂ ಕೆಟ್ಟಿದೆ. ಹನ್ನೆರಡಕ್ಕೆ ನಾಲ್ಕೇ ಸಾಲು, ಒತ್ತಿ ಒತ್ತಿ ಕಾಗದ ತೂತು. ಆಮೇಲೆ ಖಾಲಿ.

ನಾಟಕ ಹದಿನೈದಕ್ಕೆ.

ನಾನು ಗರ್ಜಿಸುವ ಆರು ದಿನ ಮೊದಲೇ ಅವಳ ಕೈ ಹೋಗಿತ್ತು.

“ಕೊಡೂದಿಲ್ಲ ಮಾರಾಯಾ, ಮಾಸ್ತರರ ಮೂಲ ಪ್ರತಿ ತಕಂಡು ಹೋಗು,” ಎಂದು ಮಂಜುವನ್ನು ಕಳಿಸಿ, ಈ ದಿನಚರಿ ತೆರೆದೆ. ಫೆಬ್ರುವರಿ 9: ಐದಾರು ಸಲ ಕೈ ತೊಳೆದದ್ದು. ಅದನ್ನು ನಾನು ಭಕ್ತಿ ಎಂದು ಬರೆದಿದ್ದೇನೆ. ಜನವರಿ 19: ಗಂಟಲು ನೋವು, ಮೈ ಬಿಸಿ. ನನ್ನದೇ ಅಕ್ಷರ. ಅಲ್ಲಿಂದ ಇಲ್ಲಿಗೆ ಮೂರು ವಾರ.

ಶಂಕರಿಗೆ ಓದಿ ಹೇಳಿದೆ. ಅವಳು ತೆಂಗಿನಕಾಯಿ ಹೆರೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಾ ಹೇಳೂಕೆ ಹೋದ್ನಲ್ಲಾ ಅವತ್ತು, ತಾರ್ಲೆ ತಂದ ದಿನ ಅಂತ. ನೀವೆಲ್ಲಿ ಬಿಟ್ರಿ? ಎದ್ದು ನಿತ್ಕಂಡ್ರಿ.”

“ಮನೆಗೆ ಬಂದ ಮೇಲಾದರೂ ಹೇಳಬಹುದಿತ್ತಲ್ಲ?”

“ಹೇಳೂದು ಯಾರಿಗೆ? ವಾರಗಟ್ಲೆ ಪಾಪಿ ಪಾಪಿ ಅಂದ್ಕಂಡು ಓಡಾಡ್ತಿದ್ರಿ. ಮೊಮ್ಮಗಳಿಗೆ ರೋಗ ಬಂದ್ರೂ ಮುಖ್ಯ ಪಾತ್ರ ನಿಮ್ದೇ ಆಗ್ಬೇಕು.”

ಎರಡೂ ವಹಿ ಎತ್ತಿಕೊಂಡು ಜಗುಲಿಗೆ ಹೋದೆ.

ಕೂತು ಯೋಚಿಸಿದೆ. ಒಂದೇ ಗರ್ಜನೆಯಿಂದ ಮಗುವನ್ನು ಕೆಡಿಸಿದ ಚಕ್ರವರ್ತಿ ಎಂದರೆ ಅದೊಂದು ಪಾತ್ರ. ಅದಕ್ಕೆ ಕಿರೀಟ ಉಂಟು, ಜನ ಕಣ್ಣೊರೆಸಿಕೊಳ್ಳುತ್ತಾರೆ. ಉಗುಳು ನುಂಗಲಾಗದ ಮಗುವನ್ನು ತನ್ನ ಮಾತು ಎತ್ತಿಕೊಡಲು ಎಳೆದುಕೊಂಡು ಹೋದ, ಡಾಕ್ಟರು ಎರಡೆರಡು ಸಲ ಕೇಳಿದರೂ ಅದನ್ನು ಮುಚ್ಚಿಟ್ಟ ಮುದುಕನಿಗೆ ಯಾವ ವೇಷವೂ ಇಲ್ಲ.

ಮಾರ್ಚ್ 10, ಸೋಮವಾರ

ಪುಟ್ಟುವನ್ನೂ ಶಂಕರಿಯನ್ನೂ ಕರೆದುಕೊಂಡು ಮತ್ತೆ ಕಾರವಾರಕ್ಕೆ ಹೋಗಿ ಎರಡೂ ವಹಿ ಡಾಕ್ಟರ ಮೇಜಿನ ಮೇಲಿಟ್ಟೆ. ಕೂತೇ ಹೇಳಿದೆ.

“ಬಾಯೋರೆ, ನಾನು ಸುಳ್ಳು ಹೇಳಿದೆ. ಗಂಟಲು ನೋವಿತ್ತು. ಜನವರಿ ಹದಿನೆಂಟರಿಂದ.”

ಬೈಯುತ್ತಾರೆಂದುಕೊಂಡೆ. ಅವರು ಪಾರ್ಟಿನ ವಹಿಯನ್ನು ಕಿಟಕಿಯ ಬೆಳಕಿಗೆ ಒಯ್ದು ಒಂದೊಂದೇ ಪುಟ ನೋಡಿದರು. ಅವರ ಟೀ ತಣ್ಣಗಾಯಿತು.

“ಅಜ್ಜಾ, ಎರಡು ವರ್ಷದಿಂದ ಊರೂರು ಅಲೀತಾ ಇದ್ದೇನೆ. ತಾರೀಖು ಹಾಕಿದ ಕೈಬರಹ ಇಷ್ಟು ಸ್ಪಷ್ಟ ಯಾರ ಮನೆಯಲ್ಲೂ ಸಿಕ್ಕಿರಲಿಲ್ಲ.”

ಶಂಕರಿಯ ಕಡೆ ತಿರುಗಿ, “ಈಗ ಹೇಳಿ, ತಾರ್ಲೆ ತಂದ ದಿನ ಎಂತಾ ಆಯ್ತು?” ಎಂದರು. ಶಂಕರಿ ಹೇಳಿದಳು. ಪುಟ್ಟು ತಾರ್ಲೆಯ ಕಣ್ಣು ತನ್ನನ್ನೇ ನೋಡುತ್ತದೆ ಎಂದಿದ್ದಳಂತೆ. ಅವತ್ತು ಬಾವಿಯ ಕೊಡಪಾನ ಮೂರು ಸಲ ಖಾಲಿಯಾಗಿತ್ತಂತೆ. ಹೆದರಿ ಅಜ್ಜಿಯ ಹತ್ತಿರ ಮಲಗಿದ್ದಳಂತೆ. ಇಷ್ಟೆಲ್ಲ ನನ್ನ ಮನೆಯಲ್ಲೇ ನಡೆದಿತ್ತು. ನನಗೆ ಗೊತ್ತಿರಲಿಲ್ಲ.

ಡಾಕ್ಟರು ಕೆಂಪು ಪಿನ್ನು ಕಿತ್ತು ಒಂಬತ್ತಕ್ಕೆ ಚುಚ್ಚಿದರು. ಜನವರಿ 18ಕ್ಕೆ ನೀಲಿ.

“ನಾನು ಅವತ್ತೇ ತೋರಿಸಿದ್ದರೆ ಹೀಗಾಗುತ್ತಿರಲಿಲ್ಲವೇ?” ಎಂದು ಕೇಳಿದೆ.

“ಗೊತ್ತಿಲ್ಲ. ನಿಮ್ಮ ತಾಲೀಮಿನ ಮಕ್ಕಳಲ್ಲಿ ಅರ್ಧ ಕೆಮ್ತಾ ಇತ್ತು ಅಂತ ನೀವೇ ಬರ್ದಿದ್ದೀರಿ. ಉಳಿದವರಿಗೆ ಏನೂ ಆಗ್ಲಿಲ್ಲ. ಇವಳಿಗೆ ಮಾತ್ರ ಎಂತಕೆ ಆಯ್ತು? ಅದೇ ನನ್ನ ಪ್ರಶ್ನೆ. ಮಂಗೇಶಜ್ಜನ ತಪ್ಪು ಎಷ್ಟು ಅನ್ನೋದಲ್ಲ.”

ಇವತ್ತೇ ಔಷಧ ಬದಲಾಯಿತು. ಗಂಟಲಿನ ರೋಗ ಹೃದಯಕ್ಕೂ ಇಳಿಯುವುದುಂಟಂತೆ; ಅದರ ತಪಾಸಣೆಯೂ ಆಯಿತು, ಹೃದಯ ಸರಿ ಇದೆ. ಕೈ ತೊಳೆಯುವ ಹಟವನ್ನು ನಿಧಾನ ತಗ್ಗಿಸಲು ಭಾರತಿ ಎಂಬ ಹುಡುಗಿ ವಾರಕ್ಕೆ ಎರಡು ಸಲ ನಮ್ಮ ಮನೆಗೇ ಬರುತ್ತಾಳೆ. ತಿಂದದ್ದು, ತೊಳೆದದ್ದು, ಮಲಗಿದ್ದು ಬರೆದಿಡುವ ಕೆಲಸ ನನ್ನದು.

“ಕಂಡಷ್ಟೇ ಬರೀರಿ ಅಜ್ಜಾ,” ಎಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಮಾರ್ಚ್ 13

ಬೆಳಿಗ್ಗೆ ಎಂಟು: ಗಂಜಿಯ ತೆಳಿ, ಅರ್ಧ ಲೋಟ. ಕೈ ತೊಳೆದದ್ದು ಮಧ್ಯಾಹ್ನದವರೆಗೆ 31.

ಹೆಗಲು ಹಾರುವುದು ಎಣಿಸಲಾಗಲಿಲ್ಲ.

ಮಾರ್ಚ್ 17

ಕೈ 26. ಗಂಜಿ ಒಂದು ಲೋಟ. ಮಧ್ಯಾಹ್ನ ಅನ್ನ ಬೇಡ ಎಂದಳು. ಯಾರೂ ಉಗುಳಿದ್ದಾರೆ ಎನ್ನಲಿಲ್ಲ, ಬೇಡ ಎಂದಳು ಅಷ್ಟೇ.

ಭಾರತಿ ಬಂದಿದ್ದಳು. ಬಾವಿಕಟ್ಟೆಗೆ ಹೋಗುವ ಮೊದಲು ಒಂದು ಹಾಡು ಮುಗಿಯುವವರೆಗೆ ತಡೆಯಬೇಕು, ಇದು ಆಟ. ಹಾಡುವವರು ನಾವು. ಪುಟ್ಟು ಎಲ್ಲರ ಧ್ವನಿ ಕೇಳಿ ಶಂಕರಿಯನ್ನು ಆರಿಸಿದಳು.

ಮಾರ್ಚ್ 22

ತೂಕ ಇಳಿದಿಲ್ಲ.

ಮಾರ್ಚ್ 29, ಶನಿವಾರ

ಕೈ 12. ಒಂದು ದೋಸೆ. ಸುಮಿತಾ ಕೆಲಸಕ್ಕೆ ಹೋಗುವಾಗ ಬಾಗಿಲವರೆಗೆ ಮಾತ್ರ ಹೋಗಿ ನಿಂತಳು. ಅತ್ತಳು, ಆದರೆ ಸೆರಗು ಬಿಟ್ಟಳು.

ಡಾಕ್ಟರ್ ವೀಣಾ ತಾವೇ ಬಂದಿದ್ದರು, ಐಸ್ ಡಬ್ಬಿ ಹೊತ್ತು, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು. ಎರಡನೆಯ ಸಲ ರಕ್ತ ತೆಗೆಯುವಾಗ ಪುಟ್ಟು ಎಡಗೈ ಕೊಟ್ಟಳು. “ಬಲಗೈ ಎಂತಕೆ ಇಲ್ಲಾ?” ಎಂದರು. “ಬರಿಯೂಕೆ ಬೇಕು,” ಎಂದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದ ಮೇಲೆ ಧೂಳಿತ್ತು.

ಏಪ್ರಿಲ್ 5

ರಕ್ತದ ಎರಡನೆಯ ಅಂಕಿ ಮೊದಲಿನದಕ್ಕಿಂತ ಸಾಕಷ್ಟು ಕೆಳಗಿದೆ. ಅಂದರೆ ಆಗ ಅದು ನಿಜವಾಗಿ ಏರಿತ್ತು. ನಾನು ಫೋನಿನಲ್ಲೇ “ಗೆದ್ದಿರಿ ಬಾಯೋರೆ!” ಎಂದೆ. “ಒಂದು ಮಗು ಸಾಕ್ಷಿ ಆಗೂದಿಲ್ಲ ಅಜ್ಜಾ, ತಾನಾಗೇ ಗುಣ ಆಗೂ ಮಕ್ಕಳೂ ಇದ್ದಾರೆ. ಇನ್ನೂ ತುಂಬ ಸಾಲು ಬೇಕು,” ಎಂದರು. ಯಾರಾದರೂ ಗೆಲುವನ್ನು ಹೀಗೆ ಬದಿಗಿಡುತ್ತಾರೆಯೇ!

ಕೈ 9.

ಏಪ್ರಿಲ್ 13, ಭಾನುವಾರ

ಕೈ 7. ಅನ್ನ, ಸಾರು, ಒಂದು ಬಂಗಡೆಯ ಅರ್ಧ. ತಲೆಯ ಕಡೆಯದನ್ನು ನನಗೆ ದೂಡಿದಳು. ಹೆಗಲು ಬೆಳಿಗ್ಗೆ ಎರಡು ಸಲ. ಈಗ ನಾನು ಎದುರಿಗೆ ಮಾತಾಡಿದರೂ ಕಿವಿ ಮುಚ್ಚುವುದಿಲ್ಲ, ಅಥವಾ ನಾನು ಮಾತಾಡುವುದೇ ಕಡಿಮೆಯಾಗಿದೆಯೋ. ಶಂಕರಿ ಕೇಳಿದಳು, “ಎಂತಾ ಆಯ್ತು ನಿಮ್ಗೆ? ಮನೆ ಮೇಲಿನ ಕಾಗೆನೂ ಹಾರೂದಿಲ್ಲ ಈಗ.” ಜ್ವರವೇನೂ ಇಲ್ಲ ಎಂದೆ.

ಬೆಳಿಗ್ಗೆ ಡಾಕ್ಟರ್ ವೀಣಾ ಫೋನು ಮಾಡಿದ್ದರು. ಅರ್ಗಾದಲ್ಲಿ ಹತ್ತು ವರ್ಷದ ಒಂದು ಹುಡುಗಿ. ಮೂರು ವಾರದಿಂದ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ, ಪ್ರತಿ ಬಾಗಿಲನ್ನೂ ಹತ್ತು ಸಲ ಮುಟ್ಟುತ್ತಾಳೆ. ನೌಕಾನೆಲೆಯ ಕಡೆಯಿಂದ ದೊಡ್ಡ ಸದ್ದು ಕೇಳಿ ಹೆದರಿದ್ದೆಂದು ಅವಳ ಅಜ್ಜ ರಾಮಾ ಹೇಳುತ್ತಾನಂತೆ. ಬಹಳ ಚೆನ್ನಾಗಿ ಹೇಳುತ್ತಾನಂತೆ, ಕೈ ಕಾಲು ಆಡಿಸಿ. ಡಾಕ್ಟರ್ ವೀಣಾ ಎರಡು ಸಲ ಹೋದರೂ ಬೇರೆ ಯಾರಿಗೂ ಬಾಯಿ ತೆಗೆಯಲು ಬಿಟ್ಟಿಲ್ಲವಂತೆ.

“ನೀವೊಮ್ಮೆ ಬರ್ತೀರಾ ಅಜ್ಜಾ, ನಂಜೊತೆ?” ಎಂದು ಕೇಳಿದರು. ನನಗೆ ಆ ರಾಮಾ ಚೆನ್ನಾಗಿ ಗೊತ್ತು. ನೋಡಿಲ್ಲ, ಆದರೂ ಗೊತ್ತು.

ಸಂಜೆ ಪುಟ್ಟುವಿನ ಮುಂದೆ ಪಾರ್ಟಿನ ವಹಿ ಇಟ್ಟೆ. ನಾಳೆ ನನಗೊಂದು ಪಾತ್ರವಿದೆ, ಬರೆದುಕೊಡುತ್ತೀಯಾ ಎಂದೆ. ಎಷ್ಟು ಪುಟ ಎಂದಳು. ಒಂದೇ ಮಾತು ಎಂದೆ. ನಂಬಲಿಲ್ಲ. ಒಂದು ಸಲ ಕೈ ತೊಳೆದು ಬಂದಳು. ಮತ್ತೆ ಏಳಲು ನೋಡಿ, ಕೂತಳು. ತಾರೀಖು ಹಾಕಿದಳು. ಎರಡು ಅಕ್ಷರ ಗೆರೆ ಬಿಟ್ಟಿವೆ, ಉಳಿದವು ಗೆರೆಯ ಮೇಲಿವೆ. ಪೂರ್ತಿ ಉಬ್ಬಿಲ್ಲ. ‘ಮೀನು’ ಎಂಬಲ್ಲಿ ಕೈ ನಿಂತಿತು. ಬರೆದಳು.

ಮೇಲೆ ಎದುರು ಪಾತ್ರದ ಕೊನೆಯ ಶಬ್ದಕ್ಕೆ ಜಾಗ ಬಿಟ್ಟು, “ಯಾರ ಮಾತು ಮುಗಿದ ಮೇಲೆ ಅಜ್ಜಾ ನಿನ್ನ ಮಾತು?” ಎಂದು ಕೇಳಿದಳು.

“ಎಲ್ಲರದ್ದೂ,” ಎಂದೆ. ಹಾಗೆಯೇ ಬರೆದಳು.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಅರ್ಗಾಕ್ಕೆ ಹೋಗುತ್ತೇನೆ. ರಾಮಾನ ಜಗುಲಿಯಲ್ಲಿ ಅವನ ಪಕ್ಕ ಕೂತು, ಅವನು ತನ್ನ ದೃಶ್ಯ ಪೂರ್ತಿ ಆಡಿ ಮುಗಿಸುವವರೆಗೆ ಕಾಯುತ್ತೇನೆ. ಆಮೇಲೆ ಒಳಗಿನ ಹೆಂಗಸರ ಕಡೆ ತಿರುಗಿ, ಮಗು ಮೊದಲ ಸಲ ಬೇರೆ ನಮೂನಿ ಕಂಡ ದಿನ ಮನೆಯಲ್ಲಿ ಎಂತಾ ಮೀನು ಮಾಡಿದ್ರಿ ಎಂದು ಕೇಳಿ, ಬಾಯಿ ಮುಚ್ಚಿ ಕೂರುತ್ತೇನೆ.